ಕರೆ ಕಡಿಯದಿರಲು ರೂಟರ್‌ಗೆ ಏನು ಹೇಳಬೇಕು?

ಮನೆಗೆ ನೂರು ಎಂಬಿಪಿಎಸ್ ಫೈಬರ್ ಬಂದಿದೆ. ಸ್ಪೀಡ್ ಟೆಸ್ಟ್ ಮಾಡಿದರೆ ಮುಳ್ಳು ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಂಟರ್ನೆಟ್ ಮೂಲಕ ಹೋಗುವ ಒಂದು ಫೋನ್ ಕರೆಗೆ ಬೇಕಾಗುವುದು ನೂರು ಕೆಬಿಪಿಎಸ್‌ಗಿಂತ ಕಡಿಮೆ, ಅಂದರೆ ಆ ಲೈನಿನ ಸಾವಿರದಲ್ಲೊಂದು ಪಾಲೂ ಇಲ್ಲ. ಹಾಗಿದ್ದೂ ಮನೆಯಲ್ಲಿ ಯಾರದೋ ಮೊಬೈಲು ಫೋಟೊ ಬ್ಯಾಕಪ್ ಶುರು ಮಾಡಿತೆಂದರೆ ಕರೆಯಲ್ಲಿ ಮಾತು ತುಂಡಾಗಿ, ‘ಹಲೋ, ಕೇಳಿಸ್ತಾ ಇದೆಯಾ?’ ಆರಂಭ. ಇಂಟರ್ನೆಟ್ ಕಂಪನಿಗೆ ಹೇಳಿದರೆ ‘ಇನ್ನೂರರ ಪ್ಲಾನ್ ತಗೊಳ್ಳಿ ಸರ್’ ಎನ್ನುತ್ತಾರೆ. ತಗೊಂಡವರೂ ಇದ್ದಾರೆ. ಹಲೋ ಹಲೋ ಮಾತ್ರ ನಿಂತಿಲ್ಲ.

ಇಲ್ಲಿ ತೊಂದರೆ ಇರುವುದು ಸರದಿಯಲ್ಲಿ. ಡೌನ್‌ಲೋಡು, ಬ್ಯಾಕಪ್ಪು, ವೆಬ್ ಪುಟ ಇವೆಲ್ಲ ಬಹುಮಟ್ಟಿಗೆ ಟಿಸಿಪಿ ಎಂಬ ಪದ್ಧತಿಯಲ್ಲಿ ಸಾಗುತ್ತವೆ. ಎಲ್ಲಾದರೂ ಪ್ಯಾಕೆಟ್ ಬಿದ್ದುಹೋಗುವವರೆಗೂ ವೇಗ ಏರಿಸುತ್ತ ಹೋಗುವುದು, ಬಿದ್ದಾಗ ತಗ್ಗಿಸುವುದು ಅದರ ಸಾಮಾನ್ಯ ಸ್ವಭಾವ. ರೂಟರ್ ತಯಾರಿಸುವವರು ಪ್ಯಾಕೆಟ್ ಬೀಳಬಾರದೆಂದು ಒಳಗೆ ಧಾರಾಳವಾಗಿ ಬಫರ್ ಇಟ್ಟಿರುತ್ತಾರೆ. ಬ್ಯಾಕಪ್ ಆ ಬಫರನ್ನು ತುಂಬಿಸಿಬಿಡುತ್ತದೆ. ನಿಮ್ಮ ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದು, ಬಫರ್ ಒಂದು ಮೆಗಾಬೈಟಿನದಾಗಿದ್ದರೆ ಲೆಕ್ಕ ಹಾಕಿ: ಎಂಟು ಮೆಗಾಬಿಟ್ ಖಾಲಿಯಾಗಲು 1.6 ಸೆಕೆಂಡು. ನಿಮ್ಮ ಬಾಯಿಂದ ಬಂದ ಮಾತು ಆ ಸಾಲಿನ ಕೊನೆಯಲ್ಲಿ ಅಷ್ಟು ಹೊತ್ತು ನಿಲ್ಲಬೇಕು. ಈ ಕಾಯಿಲೆಗೆ 2010ರ ಸುಮಾರಿಗೆ ಜಿಮ್ ಗೆಟಿಸ್ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮಾತನಾಡುವವರಿಗೆ ಮಾತ್ರ ಗೊತ್ತಾಗುತ್ತದೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ, ಬಾಯಿಂದ ಕಿವಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನೊಳಗೆ ಮಾತು ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ. 400 ದಾಟಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುವ ಪಾಡು. ಈ 150ರಲ್ಲಿ ಒಂದಷ್ಟನ್ನು ನಾವು ಏನೂ ಮಾಡುವಂತಿಲ್ಲ. ಫೈಬರಿನಲ್ಲಿ ಬೆಳಕು ಸಾವಿರ ಕಿಲೋಮೀಟರಿಗೆ ಸುಮಾರು 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೆಂಗಳೂರಿನಿಂದ ದೆಹಲಿಗೆ ಎರಡು ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೂ 10. ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳ ಜೊತೆ ಮಾತನಾಡುವಾಗ ನೇರ ದಾರಿಯೇ ಸುಮಾರು 14 ಸಾವಿರ ಕಿಲೋಮೀಟರ್. ಕೇಬಲ್ ಸುತ್ತುಬಳಸನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 70 ಮಿಲಿಸೆಕೆಂಡ್ ಅಲ್ಲಿಗೇ ಹೋಯಿತು. ಮಾತನ್ನು ಪ್ಯಾಕೆಟ್ ಮಾಡಲು 20, ಆ ಕಡೆ ಏರುಪೇರು ಸರಿದೂಗಿಸುವ ಜಿಟ್ಟರ್ ಬಫರಿಗೆ ಇನ್ನೊಂದು 40. ಉಳಿದ ಚೂರುಪಾರನ್ನು ಮನೆಯ ರೂಟರ್ ತಿನ್ನದ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರುವ ಕೆಲಸ.

ಮೊದಲು ಪರೀಕ್ಷೆ, ಆಮೇಲೆ ಸೆಟ್ಟಿಂಗು

ಕಂಪ್ಯೂಟರನ್ನು ರೂಟರ್‌ಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿ 8.8.8.8 ಅಥವಾ 1.1.1.1ಕ್ಕೆ ಪಿಂಗ್ ಓಡಲು ಬಿಡಿ. ವಿಂಡೋಸ್‌ನಲ್ಲಾದರೆ ಅದು ತಾನಾಗಿ ನಿಲ್ಲದಿರಲು ಕೊನೆಗೆ ‘-ಟಿ’ ಸೇರಿಸಬೇಕು. ಲೈನ್ ಖಾಲಿಯಿರುವಾಗ ಎಷ್ಟು ಮಿಲಿಸೆಕೆಂಡ್ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಈಗ ದೊಡ್ಡದೊಂದು ವಿಡಿಯೊವನ್ನು ಡ್ರೈವ್‌ಗೆ ಅಪ್‌ಲೋಡ್ ಮಾಡಿ, ಪಿಂಗ್ ನೋಡುತ್ತಿರಿ. 15 ಇದ್ದದ್ದು 300, 400ಕ್ಕೆ ಏರಿದರೆ ಈ ಲೇಖನ ನಿಮಗಾಗಿಯೇ. ಏರದೆ ಹೋದರೆ, ವೈ-ಫೈನಲ್ಲಿ ಅದೇ ಪರೀಕ್ಷೆ ಮಾಡಿ. ಕೇಬಲ್‌ನಲ್ಲಿ ಸರಿಯಾಗಿದ್ದು ವೈ-ಫೈನಲ್ಲಿ ಕುಣಿದರೆ ರೂಟರಿನ ಆದ್ಯತೆ ಬದಲಿಸಿ ಫಲವಿಲ್ಲ. ರೂಟರನ್ನು ಬೀರುವಿನ ಹಿಂದಿನಿಂದ ಹೊರಗೆ ತನ್ನಿ.

ಇನ್ನೊಂದನ್ನೂ ಇಲ್ಲೇ ಬೇರ್ಪಡಿಸಿಬಿಡೋಣ. ಐಪಿ ಫೋನಿನಲ್ಲಿ ಕರೆಯ ಮೊದಲ ಕ್ಷಣದಿಂದಲೇ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಿದ್ದರೆ ಅದು ಬ್ಯಾಂಡ್‌ವಿಡ್ತಿನ ಸಮಸ್ಯೆ ಇರಲಾರದು. ವಿಳಾಸ ಬದಲಿಸುವ ನ್ಯಾಟ್ ಅಥವಾ ಫೈರ್‌ವಾಲ್ ತಂಟೆ ಇರಬಹುದು. ಬಹಳ ಸಲ ರೂಟರಿನಲ್ಲಿರುವ ‘ಸಿಪ್ ಎಎಲ್‌ಜಿ’ ಎಂಬ ಆಯ್ಕೆಯನ್ನು ಆಫ್ ಮಾಡಿದರೆ ಸರಿಹೋಗುತ್ತದೆ. ಸಹಾಯ ಮಾಡಲೆಂದೇ ಹುಟ್ಟಿಕೊಂಡ ಈ ಆಯ್ಕೆಯಷ್ಟು ಉಪದ್ರವ ಕೊಟ್ಟದ್ದು ರೂಟರಿನಲ್ಲಿ ಇನ್ನೊಂದಿಲ್ಲ.

ಸಾಲು ನಿಮ್ಮ ಹತೋಟಿಗೆ ಬರಲಿ

ಅಗ್ಗದ ರೂಟರುಗಳ ಪುಟದಲ್ಲಿ ‘ಕ್ಯೂಒಎಸ್: ಆನ್’ ಎಂದೊಂದು ಗುಂಡಿ ಇರುತ್ತದೆ, ಯಾವ ಪ್ಯಾಕೆಟ್ ಮುಂದೆ ಹೋಗಬೇಕೆಂಬ ಆದ್ಯತೆಯ ಗುಂಡಿ. ಕೆಲವದರಲ್ಲಿ ‘ವಾಯ್ಸ್ ಪ್ರಯಾರಿಟಿ’ ಎಂದೂ ಇರುತ್ತದೆ. ಅದನ್ನು ಒತ್ತಿ ಏನೂ ಬದಲಾಗಲಿಲ್ಲ ಎನ್ನುವವರೇ ಹೆಚ್ಚು. ಬದಲಾಗದಿರುವುದಕ್ಕೆ ಕಾರಣವಿದೆ. ಸಾಲು ಕಟ್ಟುವುದು ದಾರಿ ಕಿರಿದಾಗುವ ಜಾಗದಲ್ಲಿ. ನಿಮ್ಮ ರೂಟರ್‌ನಿಂದ ಫೈಬರ್ ಪೆಟ್ಟಿಗೆಗೆ ಹೋಗುವ ತಂತಿ ಗಿಗಾಬಿಟ್ಟಿನದು. ನಿಮ್ಮ ಪ್ಲಾನಿನ ನೂರು ಎಂಬಿಪಿಎಸ್ ಮಿತಿ ಜಾರಿಯಾಗುವುದು ಅದರಾಚೆ. ರೂಟರಿನ ಬಳಿ ಸಾಲೇ ಇಲ್ಲದ ಮೇಲೆ ಯಾರನ್ನು ಮುಂದೆ ಬಿಡುವುದು? ಸಾಲು ಇರುವ ಕಡೆ ನಿಮ್ಮ ನಿಯಮ ಇಲ್ಲ, ನಿಯಮ ಇರುವ ಕಡೆ ಸಾಲಿಲ್ಲ.

ಹಾಗಾಗಿ ಮೊದಲ ಹೆಜ್ಜೆ ವಿಚಿತ್ರವಾಗಿ ಕಾಣುತ್ತದೆ: ನಿಮ್ಮ ವೇಗವನ್ನು ನೀವೇ ತುಸು ಕಡಿಮೆ ಮಾಡಿಕೊಳ್ಳಬೇಕು. ಅಳೆದಾಗ ಸಿಕ್ಕ ಅಪ್‌ಲೋಡ್ ವೇಗದ 85ರಿಂದ 95 ಶೇಕಡಾದಷ್ಟನ್ನು ರೂಟರಿನಲ್ಲಿ ಮಿತಿಯಾಗಿ ನಮೂದಿಸಿ. ಇದಕ್ಕೆ ಶೇಪಿಂಗ್ ಎನ್ನುತ್ತಾರೆ. ಈಗ ಕಿರಿದಾದ ಜಾಗ ರೂಟರಿನ ಒಳಗೇ ಬಂತು, ಸಾಲೂ ಅಲ್ಲೇ ಕಟ್ಟಿತು, ಯಾರು ಮುಂದೆ ಎಂದು ತೀರ್ಮಾನಿಸುವ ಅಧಿಕಾರ ನಿಮಗೆ ಸಿಕ್ಕಿತು. ಜಾಹೀರಾತಿನ ವೇಗವನ್ನು ಬರೆಯಬೇಡಿ, ಸಂಜೆ ಹೊತ್ತು ಅಳೆದದ್ದನ್ನು ಬರೆಯಿರಿ. ಈ ಅಂಕಿ ತುಂಬಲು ಜಾಗವೇ ಇಲ್ಲದ ರೂಟರಿನಲ್ಲಿ ಕ್ಯೂಒಎಸ್ ಗುಂಡಿ ಅಲಂಕಾರಕ್ಕೆ ಇದೆ ಎಂದೇ ತಿಳಿಯಿರಿ.

ಡೌನ್‌ಲೋಡಿನ ಕಡೆ ನಿಮ್ಮ ಹಿಡಿತ ಅಷ್ಟಕ್ಕಷ್ಟೆ. ಬರುವ ಪ್ಯಾಕೆಟ್ ನಿಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಕಿರಿದಾದ ಜಾಗವನ್ನು ದಾಟಿಯೇ ಬಂದಿರುತ್ತದೆ. ಆದರೂ ಅಲ್ಲಿಯೂ ಮಿತಿ ಹಾಕಿದರೆ, ಬಿದ್ದ ಪ್ಯಾಕೆಟ್ಟುಗಳನ್ನು ಕಂಡು ಆ ಕಡೆಯ ಟಿಸಿಪಿ ವೇಗ ತಗ್ಗಿಸುತ್ತದೆ, ಕಂಪನಿಯ ಕಡೆಯ ಸಾಲು ಕರಗುತ್ತದೆ.

ಮನೆಗೆ ಇಷ್ಟು ಸಾಕು

ಬರೀ ಮನೆಯ ಮಾತಾದರೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ‘ಕೋಡೆಲ್’ ಎಂಬ ಉಪಾಯ ಪ್ರಕಟಿಸಿದರು: ಸಾಲು ಎಷ್ಟು ಉದ್ದ ಎಂದು ನೋಡುವ ಬದಲು ಪ್ಯಾಕೆಟ್ ಅದರಲ್ಲಿ ಎಷ್ಟು ಹೊತ್ತು ಕಾಯಿತು ಎಂದು ನೋಡಿ, ಕಾಯುವಿಕೆ ಇಳಿಯದಿದ್ದರೆ ಪ್ಯಾಕೆಟ್ ಬೀಳಿಸುವುದು. ಇದರ ಜೊತೆ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಸಾಲು ಕೊಡುವ ‘ಎಫ್‌ಕ್ಯೂ-ಕೋಡೆಲ್’ ಅದೇ ವರ್ಷ ಲಿನಕ್ಸ್‌ಗೆ ಸೇರಿತು. ಇದರ ಸೊಗಸೆಂದರೆ ಇದು ಮಾತು, ಇದು ವಿಡಿಯೊ ಎಂದು ಯಾರೂ ಗುರುತು ಹಚ್ಚಿ ಕೊಡಬೇಕಿಲ್ಲ. ಕರೆ ಸೆಕೆಂಡಿಗೆ ಐವತ್ತು ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಅದರ ಸಾಲು ಬೆಳೆಯುವುದೇ ಇಲ್ಲ, ಹಾಗಾಗಿ ಅದಕ್ಕೆ ತಾನಾಗಿಯೇ ಮುಂದಿನ ಜಾಗ ಸಿಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೂಟರಿನಲ್ಲಿ ‘ಎಸ್‌ಕ್ಯೂಎಂ’ ಪ್ಯಾಕೇಜ್ ಸೇರಿಸಿ, ಎರಡೂ ದಿಕ್ಕಿನ ವೇಗ ತುಂಬಿ, ಪಟ್ಟಿಯಲ್ಲಿ ಇದರದೇ ಸುಧಾರಿತ ರೂಪವಾದ ‘ಕೇಕ್’ ಆರಿಸಿದರೆ ಕೆಲಸ ಮುಗಿಯಿತು. ವೇಗದ ಲೈನಿಗೆ ಇದು ಪ್ರೊಸೆಸರನ್ನು ಚೆನ್ನಾಗಿಯೇ ದುಡಿಸುತ್ತದೆ ಎಂಬುದು ಗಮನದಲ್ಲಿರಲಿ. ಹಾರ್ಡ್‌ವೇರ್ ಆಫ್‌ಲೋಡ್ ಆನ್ ಇದ್ದರೆ ಪ್ಯಾಕೆಟ್ಟುಗಳು ಎಸ್‌ಕ್ಯೂಎಂ ಅನ್ನು ತಪ್ಪಿಸಿಕೊಂಡು ಹೊರಟುಬಿಡುತ್ತವೆ, ಆ ಆಫ್‌ಲೋಡನ್ನು ಆಫ್ ಮಾಡಿಡಿ.

ಕಚೇರಿಯಾದರೆ ಲೆಕ್ಕ ಬೇಕು

ಹತ್ತಿಪ್ಪತ್ತು ಐಪಿ ಫೋನುಗಳಿರುವ ಕಚೇರಿ, ಆಸ್ಪತ್ರೆಯ ಸ್ವಾಗತ ಮೇಜು, ಸಹಕಾರಿ ಸಂಘದ ಶಾಖೆ, ಇಂಥ ಕಡೆ ಕಿರಿದಾದ ಲೀಸ್ಡ್ ಲೈನಿನಲ್ಲಿ ಮಾತಿಗೆ ಖಚಿತ ಜಾಗ ಬೇಕು. ಅಲ್ಲಿ ಗುರುತು ಹಚ್ಚುವುದು, ಮುಂದೆ ಬಿಡುವುದು, ಮಿತಿ ಹಾಕುವುದು ಮೂರೂ ಆಗಬೇಕು.

ಗುರುತು ಎಂದರೆ ಪ್ಯಾಕೆಟ್ಟಿನ ತಲೆಬರಹದಲ್ಲಿರುವ ಆರು ಬಿಟ್‌ಗಳ ಡಿಎಸ್‌ಸಿಪಿ ಸಂಖ್ಯೆ. ಆರು ಬಿಟ್, ಅಂದರೆ 64 ಗುರುತುಗಳು. ಮಾತಿಗೆ ರೂಢಿಯಲ್ಲಿರುವುದು 46, ಅದರ ಹೆಸರು ‘ಇಎಫ್’. ಬಹಳಷ್ಟು ಐಪಿ ಫೋನುಗಳು ಇದನ್ನು ತಾವೇ ಹಚ್ಚಿ ಕಳಿಸುತ್ತವೆ, ಇಲ್ಲವೇ ಹಚ್ಚಲು ಸೆಟ್ಟಿಂಗ್ ಕೊಟ್ಟಿರುತ್ತವೆ. ಕೆಲವು ಉಪಕರಣಗಳ ಪುಟದಲ್ಲಿ ‘ಟಿಒಎಸ್’ ಎಂಬ ಖಾನೆ ಇರುತ್ತದೆ. ಅಲ್ಲಿ 46 ಎಂದು ತುಂಬಿದರೆ ಕೆಲಸ ಕೆಡುತ್ತದೆ, 184 ಎಂದು ತುಂಬಬೇಕು. ಆರು ಬಿಟ್ ಆದ ಮೇಲೆ ಇನ್ನೆರಡು ಬಿಟ್ ಇರುವುದರಿಂದ 46ನ್ನು ನಾಲ್ಕರಿಂದ ಗುಣಿಸಿದ ಅಂಕಿ ಅದು. ಫೋನ್ ರಿಂಗಾಗಿಸುವ, ಕರೆ ಮುಗಿಸುವ ಸಂದೇಶಗಳದು ಬೇರೆ ಗುರುತು, ಸಾಮಾನ್ಯವಾಗಿ 24. ಅವಕ್ಕೆ ಮುಂದಿನ ಸಾಲು ಬೇಡ, ಶೇಕಡಾ ಐದರಷ್ಟು ಖಾತರಿ ಜಾಗ ಸಾಕು. ಅಷ್ಟನ್ನೂ ಕೊಡದಿದ್ದರೆ ಮಾತು ಸ್ಪಷ್ಟವಾಗಿದ್ದೂ ಡಯಲ್ ಮಾಡಿದ ಮೇಲೆ ಬಹಳ ಹೊತ್ತು ಮೌನ.

ಗುರುತನ್ನು ನಂಬುವುದರಲ್ಲಿ ಅಪಾಯವಿದೆ. 46 ಎಂದು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಟೊರೆಂಟ್ ಕೂಡ ಬರೆದುಕೊಳ್ಳಬಹುದು. ಆದ್ದರಿಂದ ಫೋನುಗಳನ್ನು ಅದೇ ತಂತಿಗಳಲ್ಲೇ ಬೇರ್ಪಡಿಸಿದ ಜಾಲವಾದ ಪ್ರತ್ಯೇಕ ವಿಲ್ಯಾನ್‌ನಲ್ಲಿಟ್ಟು, ಅಲ್ಲಿಂದ ಬಂದ ಗುರುತನ್ನಷ್ಟೇ ಒಪ್ಪಿ, ಉಳಿದ ಕಡೆಯಿಂದ ಬಂದದ್ದನ್ನು ಅಳಿಸಿ ಸೊನ್ನೆ ಮಾಡುವುದು ಕ್ರಮ. ಮೊಬೈಲುಗಳ ವೈ-ಫೈ ಕಾಲಿಂಗ್‌ಗೂ ಆದ್ಯತೆ ಕೊಡಬೇಕೆಂದರೆ ಯುಡಿಪಿ 500 ಮತ್ತು 4500 ಪೋರ್ಟುಗಳನ್ನು ಹಿಡಿಯಬೇಕು, ಕರೆ ಅದರೊಳಗಿನ ಗೂಢ ಸುರಂಗದಲ್ಲಿ ಸಾಗುತ್ತದೆ. ಆದರೆ ಅನೇಕ ಕಚೇರಿಗಳ ವಿಪಿಎನ್ ಬಳಸುವುದೂ ಅದೇ ಪೋರ್ಟನ್ನು. ಮಾತಿಗೆಂದು ತೆರೆದ ಬಾಗಿಲಲ್ಲಿ ಯಾರದೋ ಕಡತಗಳ ಮೂಟೆ ನುಗ್ಗುತ್ತದೆ.

ಮಿತಿ ಬೇಕಾಗುವುದು ಇದಕ್ಕೇ. ದೊಡ್ಡ ದೇವಸ್ಥಾನಗಳ ವಿಶೇಷ ದರ್ಶನದ ಸಾಲನ್ನು ನೆನಪಿಸಿಕೊಳ್ಳಿ. ಟಿಕೆಟ್ ಇದ್ದವರು ಬಂದಾಗಲೆಲ್ಲ ಧರ್ಮದರ್ಶನದ ಸಾಲು ನಿಂತು ಅವರಿಗೆ ದಾರಿ ಬಿಡುತ್ತದೆ. ಟಿಕೆಟ್ಟುಗಳನ್ನು ಎಣಿಸಿ ಕೊಡುವ ತನಕ ಎಲ್ಲ ಸರಿ. ಬೇಕಾಬಿಟ್ಟಿ ಮಾರಿದ ದಿನ ಧರ್ಮದರ್ಶನದವರು ಗರ್ಭಗುಡಿ ಕಾಣುವುದಿಲ್ಲ, ದುಡ್ಡು ಕೊಟ್ಟವರೂ ಬಿಸಿಲಲ್ಲೇ ನಿಂತಿರುತ್ತಾರೆ. ಹಿಂದಿನ ಕಾಲದ ರೂಟರುಗಳ ‘ಪ್ರಯಾರಿಟಿ ಕ್ಯೂಯಿಂಗ್’ ಹೀಗೇ ಇತ್ತು. ಮೇಲಿನ ಸಾಲು ಖಾಲಿಯಾಗುವ ತನಕ ಕೆಳಗಿನದಕ್ಕೆ ಸರದಿಯೇ ಇಲ್ಲ. ಸಿಸ್ಕೊ ರೂಟರುಗಳ ‘ಎಲ್‌ಎಲ್‌ಕ್ಯೂ’, ಅಂದರೆ ಲೋ ಲೇಟೆನ್ಸಿ ಕ್ಯೂಯಿಂಗ್, ಅದಕ್ಕೊಂದು ಷರತ್ತು ಸೇರಿಸಿತು. ಮಾತಿನ ಸಾಲನ್ನು ಮೊದಲು ಬಿಡು, ಆದರೆ ಇಂತಿಷ್ಟು ಕೆಬಿಪಿಎಸ್‌ವರೆಗೆ ಮಾತ್ರ. ಲೈನ್ ಖಾಲಿಯಿರುವಾಗ ಆ ಮಿತಿ ಸಾಮಾನ್ಯವಾಗಿ ಕಣ್ಣುಮುಚ್ಚಿಕೊಂಡಿರುತ್ತದೆ. ದಟ್ಟಣೆಯಾದಾಗ, ಮೀರಿದ ಪ್ಯಾಕೆಟ್ಟನ್ನು ಬೀಳಿಸಿಬಿಡುತ್ತದೆ.

ಬೀಳಿಸುವುದೇಕೆ, ತಡೆದು ನಿಲ್ಲಿಸಬಾರದೇ ಎಂದು ಕೇಳಬಹುದು. ಕಡತವಾದರೆ ತಡೆಯುವುದೇ ಸರಿ. ಮಾತಿಗೆ ಆ ದಯೆ ಬೇಡ. 20 ಮಿಲಿಸೆಕೆಂಡಿನ ಒಂದು ಚೂರು ಹೋದರೆ, ಮಾತನ್ನು ಅಂಕಿಗಳಾಗಿಸಿ ಮತ್ತೆ ಮಾತಾಗಿಸುವ ಕೋಡೆಕ್ ಹಿಂದಿನ ಸ್ವರವನ್ನೇ ಎಳೆದು ತೇಪೆ ಹಾಕುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ತಡವಾಗಿ ಬಂದ ಚೂರಾದರೆ ದಾರಿಯ ಜಾಗ ತಿಂದು, ಕೊನೆಗೆ ಜಿಟ್ಟರ್ ಬಫರಿನಲ್ಲಿ ಕಸವಾಗುತ್ತದೆ.

ಇನ್ನು ಮಿತಿ ಎಷ್ಟಿರಬೇಕು? ಜಿ.711 ಕೋಡೆಕ್‌ನಲ್ಲಿ ಮಾತಿನ ಪ್ರಮಾಣ 64 ಕೆಬಿಪಿಎಸ್. ಅದನ್ನೇ ಹಿಡಿದು ಹತ್ತು ಕರೆಗೆ 640 ಎಂದು ಬರೆದರೆ ಎಡವಟ್ಟು. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಪ್ರತಿಯೊಂದರಲ್ಲಿ ಮಾತು 160 ಬೈಟ್, ವಿಳಾಸ ಇತ್ಯಾದಿ ತಲೆಬರಹ 40 ಬೈಟ್, ಈಥರ್ನೆಟ್ಟಿನದು ಇನ್ನೂ 18. ಒಟ್ಟು 218 ಬೈಟ್, ಸೆಕೆಂಡಿಗೆ ಐವತ್ತು ಸಲ: 87.2 ಕೆಬಿಪಿಎಸ್. ಜಿ.729ರಲ್ಲಿ ವ್ಯತ್ಯಾಸ ಇನ್ನೂ ಢಾಳಾಗಿದೆ. ಹೆಸರಿಗೆ 8 ಕೆಬಿಪಿಎಸ್, 20 ಬೈಟ್ ಮಾತಿಗೆ 58 ಬೈಟ್ ಹೊದಿಕೆ, ತಂತಿಯ ಮೇಲೆ 31.2. ಕಾಗದದ ಲೆಕ್ಕದಲ್ಲಿ ಹತ್ತು ಕರೆ ಹಿಡಿಸುವ ಮಿತಿ ನಿಜದಲ್ಲಿ ಮೂರಕ್ಕೂ ಸಾಲದು.

ಮಾತಿನ ಸಾಲು ಲೈನಿನ ಮೂರನೇ ಒಂದು ಭಾಗ ಮೀರದಿರಲಿ ಎಂಬುದು ಸಿಸ್ಕೊ ಬಹಳ ಕಾಲದಿಂದ ಹೇಳುತ್ತ ಬಂದಿರುವ ಸೂತ್ರ. 2 ಎಂಬಿಪಿಎಸ್ ಲೈನಿನಲ್ಲಿ ಶೇಕಡಾ 33 ಎಂದರೆ 660 ಕೆಬಿಪಿಎಸ್. ಜಿ.711 ಕರೆಗಳು ಏಳಾದರೆ 610.4, ಎಂಟಾದರೆ 697.6. ಅಂದರೆ ಏಳು ಕರೆ. ಎಂಟನೆಯವರು ಫೋನ್ ಎತ್ತಿದಾಗ ಎಂಟನೆಯ ಕರೆಯೊಂದೇ ಹಾಳಾಗುತ್ತದೆ ಎಂದುಕೊಳ್ಳಬೇಡಿ. ಮಿತಿ ಕಾಯುವ ರೂಟರ್‌ಗೆ ಯಾವ ಪ್ಯಾಕೆಟ್ ಯಾರದೆಂದು ತಿಳಿಯದು. ಅದು ಎಂಟೂ ಕರೆಗಳಿಂದ ಅಲ್ಲೊಂದು ಇಲ್ಲೊಂದು ಬೀಳಿಸುತ್ತ ಹೋಗುತ್ತದೆ, ಎಂಟೂ ಮಂದಿ ಹಲೋ ಹಲೋ ಎನ್ನತೊಡಗುತ್ತಾರೆ.

ಇದನ್ನು ತಡೆಯಬೇಕಾದ್ದು ರೂಟರಿನಲ್ಲಲ್ಲ, ಫೋನ್ ಎಕ್ಸ್‌ಚೇಂಜಿನಲ್ಲಿ. ಎಂಟನೆಯ ಕರೆ ಹೋಗದಂತೆಯೇ ಮಾಡಿಬಿಡಬೇಕು. ಫ್ರೀಪಿಬಿಎಕ್ಸ್ ಎಂಬ ಎಕ್ಸ್‌ಚೇಂಜ್ ತಂತ್ರಾಂಶದಲ್ಲಿ ಟ್ರಂಕಿನ ಪುಟಕ್ಕೆ ಹೋಗಿ ‘ಮ್ಯಾಕ್ಸಿಮಮ್ ಚಾನೆಲ್ಸ್’ ಎಂಬಲ್ಲಿ 7 ಎಂದು ಬರೆಯಿರಿ. ಒಬ್ಬರಿಗೆ ಬ್ಯುಸಿ ಟೋನ್ ಕೇಳುವುದು ಏಳು ಜನರ ಮಾತು ಕೆಡುವುದಕ್ಕಿಂತ ಮೇಲು. ರೂಟರ್ ಸೆಟ್ ಮಾಡಿಕೊಟ್ಟು ಹೋಗುವವರು ಬಹಳಷ್ಟು ಸಲ ಈ ಕೊನೆಯ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ, ಏಕೆಂದರೆ ಎಕ್ಸ್‌ಚೇಂಜ್ ಇನ್ನೊಬ್ಬರ ಖಾತೆ.

ಮೊಬೈಲ್ ಕಂಪನಿಗಳು ಇದೇ ಲೆಕ್ಕವನ್ನು ದೊಡ್ಡದಾಗಿ ಮಾಡುತ್ತವೆ. ವೋಲ್ಟೆ ಕರೆಯ ಮಾತು 4ಜಿಯಲ್ಲಿ ‘ಕ್ಯೂಸಿಐ 1’ ಎಂಬ ವರ್ಗದಲ್ಲಿ ಸಾಗುತ್ತದೆ. ಅದಕ್ಕೆ ಖಾತರಿ ಬ್ಯಾಂಡ್‌ವಿಡ್ತ್ ಇದೆ, 100 ಮಿಲಿಸೆಕೆಂಡಿನ ಗುರಿ ಇದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಒಂದೇ ಟವರಿನಡಿ ವಾಟ್ಸ್‌ಆ್ಯಪ್ ಕರೆ ಒದ್ದಾಡುತ್ತಿರುವಾಗ ಮಾಮೂಲಿ ಕರೆ ಸ್ಪಷ್ಟವಾಗಿ ಕೇಳುವುದು ಇದರಿಂದ. ವಾಟ್ಸ್‌ಆ್ಯಪ್‌ನದು ಎಲ್ಲ ಡೇಟಾ ಜೊತೆ ಸಾಮಾನ್ಯ ವರ್ಗ. ಅದೇ ಜಾತ್ರೆಯಲ್ಲಿ ಮಾಮೂಲಿ ಕರೆಯೇ ಹೋಗದೆ ‘ನೆಟ್‌ವರ್ಕ್ ಬ್ಯುಸಿ’ ಎಂದು ಬರುವುದೂ ಉಂಟು. ಖಾತರಿ ಕೊಡಲು ಜಾಗ ಉಳಿಯದಾಗ ಹೊಸಬರನ್ನು ಒಳಗೆ ಬಿಡದಿರುವ ಪದ್ಧತಿ ಅದು.

‘ಕೇಕ್’ ಮಿತಿ ಹಾಕುವ ರೀತಿ ಇನ್ನೂ ಮೆದು. ಅದರಲ್ಲಿ ಮಾತಿನ ವಿಭಾಗಕ್ಕೆ ಲೈನಿನ ಶೇಕಡಾ 25ರ ಗಡಿ ಇದೆ. ದಾಟಿದರೆ ಪ್ಯಾಕೆಟ್ ಬೀಳಿಸುವುದಿಲ್ಲ, ಆದ್ಯತೆಯನ್ನು ಕಿತ್ತುಕೊಂಡು ಎಲ್ಲರ ಜೊತೆ ನಿಲ್ಲಿಸುತ್ತದೆ. 46 ಎಂದು ಸುಳ್ಳು ಗುರುತು ಹಚ್ಚಿಕೊಂಡು ಬಂದ ಟೊರೆಂಟ್‌ಗೆ ಅದರಿಂದ ಏನೂ ಲಾಭವಿಲ್ಲ. ಸಣ್ಣ ಕಚೇರಿಗೆ ನನ್ನ ಒಲವು ಈ ಕಡೆಗೇ. ಸಿಸ್ಕೊ ಬೇಕೇ ಬೇಕು ಎನ್ನುವಷ್ಟು ಕಿರಿದಾದ ಲೈನುಗಳು ಈಗ ಕಡಿಮೆಯಾಗುತ್ತಿವೆ.

ಮೈಕ್ರೋಟಿಕ್ ರೂಟರ್ ಬಳಸುವವರಿಗೆ ಎರಡು ಮಾತು. ಅಲ್ಲಿ ಪ್ರಯಾರಿಟಿ 1 ಎಂದರೆ ಮೇಲು, 8 ಎಂದರೆ ಕೆಳಗು. ಆದರೆ ತಾಯಿ ಕ್ಯೂಗೆ ‘ಮ್ಯಾಕ್ಸ್-ಲಿಮಿಟ್’ ಕೊಡದಿದ್ದರೆ ಆ ಅಂಕಿಗಳಿಗೆ ಅರ್ಥವಿಲ್ಲ, ಹಂಚಲು ಎಷ್ಟಿದೆಯೆಂದು ರೂಟರ್‌ಗೆ ಗೊತ್ತಾಗಬೇಕಲ್ಲ. ಎರಡನೆಯದು, ಫೈರ್‌ವಾಲ್‌ನಲ್ಲಿ ಮೊದಲೇ ಕೂತಿರುವ ‘ಫಾಸ್ಟ್‌ಟ್ರ್ಯಾಕ್’ ನಿಯಮ. ಅದರ ಮೂಲಕ ಹೋದ ಪ್ಯಾಕೆಟ್ಟುಗಳು ಸಿಂಪಲ್ ಕ್ಯೂಗಳನ್ನು ಮುಟ್ಟುವುದೇ ಇಲ್ಲ. ಕ್ಯೂ ಬರೆದರೂ ಕೌಂಟರ್ ಸೊನ್ನೆಯಲ್ಲೇ ಇದ್ದರೆ ಮೊದಲು ಅಲ್ಲಿ ನೋಡಿ.

ವೈ-ಫೈಯ ಕೊಂಕು

ವೈ-ಫೈಗೆ ತನ್ನದೇ ನಾಲ್ಕು ವರ್ಗಗಳಿವೆ: ಮಾತು, ವಿಡಿಯೊ, ಸಾಮಾನ್ಯ, ಹಿನ್ನೆಲೆ. ‘ಡಬ್ಲ್ಯುಎಂಎಂ’ ಎಂಬ ಆಯ್ಕೆ ಆನ್ ಇದ್ದರೆ ಇವು ಕೆಲಸ ಮಾಡುತ್ತವೆ, ಅದನ್ನು ಆಫ್ ಮಾಡಬೇಡಿ. ಸ್ವಾರಸ್ಯವೆಂದರೆ ಅನೇಕ ಉಪಕರಣಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ನೋಡಿ ವರ್ಗ ಹಾಕುತ್ತವೆ. 46ರ ಮೊದಲ ಮೂರು ಬಿಟ್ 5 ಆಗುತ್ತದೆ, ವೈ-ಫೈ ಲೆಕ್ಕದಲ್ಲಿ 5 ಎಂದರೆ ವಿಡಿಯೊ. ಮಾತಿಗೆ 6 ಬೇಕು. ಈ ಹೊಂದಾಣಿಕೆ ಸರಿಪಡಿಸಲೆಂದೇ 2018ರಲ್ಲಿ ಆರ್‌ಎಫ್‌ಸಿ 8325 ಬಂತು. ಕಚೇರಿಗೆ ಕೊಳ್ಳುವ ಆಕ್ಸೆಸ್ ಪಾಯಿಂಟಿನಲ್ಲಿ ಇದನ್ನು ಬದಲಿಸುವ ಅವಕಾಶ ಇದೆಯೇ ಎಂದು ಕೇಳಿ ಕೊಳ್ಳಿ. ಮೇಜಿನ ಮೇಲಿನ ಐಪಿ ಫೋನಿಗಂತೂ ತಂತಿಯೇ ಇರಲಿ.

ಇಷ್ಟೆಲ್ಲ ಹಚ್ಚಿದ ಗುರುತು ನಿಮ್ಮ ಗೇಟು ದಾಟಿದ ಮೇಲೆ ಉಳಿಯುತ್ತದೆಂಬ ಭರವಸೆಯಿಲ್ಲ. ಸಾರ್ವಜನಿಕ ಇಂಟರ್ನೆಟ್ಟಿನಲ್ಲಿ ಅದನ್ನು ಅಳಿಸುವುದೇ ಹೆಚ್ಚು, ಅಳಿಸದಿದ್ದರೂ ಮನ್ನಿಸುವುದಿಲ್ಲ. ಶಾಖೆಯಿಂದ ಶಾಖೆಗೆ ಪೂರ್ತಿ ದಾರಿಯಲ್ಲಿ ಮನ್ನಣೆ ಬೇಕೆಂದರೆ ಎಂಪಿಎಲ್‌ಎಸ್‌ನಂಥ ಖಾಸಗಿ ಜಾಲದ ಸೇವೆಯಲ್ಲಿ ಮಾತಿನ ವರ್ಗವನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಕೊಳ್ಳುವಾಗ ಅವರು ಆ ವರ್ಗಕ್ಕೆ ಕೊಡುವ ಕೆಬಿಪಿಎಸ್ ಎಷ್ಟೆಂದು ಬರಹದಲ್ಲಿ ಪಡೆದು, ನಿಮ್ಮ ರೂಟರಿನ ಮಿತಿಯನ್ನು ಅದಕ್ಕಿಂತ ಮೇಲಕ್ಕೆ ಬಿಡಬೇಡಿ. ಮೀರಿದ್ದನ್ನು ಅವರು ಬೀಳಿಸುತ್ತಾರೆ, ನಿಮ್ಮ ಕೌಂಟರಿನಲ್ಲಿ ಅದು ಕಾಣುವುದಿಲ್ಲ.

ಎಲ್ಲ ಮುಗಿದ ಮೇಲೆ ಅದೇ ಪಿಂಗ್, ಅದೇ ಅಪ್‌ಲೋಡ್. ಲೈನ್ ತುಂಬಿರುವಾಗಲೂ ಪಿಂಗ್ ಖಾಲಿ ಲೈನಿನ ಅಂಕಿಗಿಂತ ಹತ್ತಿಪ್ಪತ್ತು ಮಿಲಿಸೆಕೆಂಡಿನೊಳಗೇ ಇದ್ದರೆ ಶೇಪಿಂಗ್ ಸರಿಯಾಗಿದೆ. ಮತ್ತೆ ನೂರು ದಾಟಿದರೆ ಮಿತಿಯನ್ನು ಇನ್ನೈದು ಶೇಕಡಾ ಇಳಿಸಿ ನೋಡಿ. ಮಾತಿನ ಸಾಲಿನ ಪರೀಕ್ಷೆಗೆ ಲಿನಕ್ಸ್‌ನಲ್ಲಿ ಪಿಂಗ್ ಆಜ್ಞೆಗೆ ‘-ಕ್ಯೂ 184’ ಎಂದು ದೊಡ್ಡಕ್ಷರದ ಕ್ಯೂ ಸೇರಿಸಿದರೆ ಪಿಂಗ್ ಪ್ಯಾಕೆಟ್ಟೇ ಮಾತಿನ ಗುರುತು ಹೊತ್ತು ಹೋಗುತ್ತದೆ. ಆ ಕಂಪ್ಯೂಟರ್ ಫೋನುಗಳ ವಿಲ್ಯಾನ್‌ನಲ್ಲಿರಬೇಕು, ಇಲ್ಲವಾದರೆ ನೀವೇ ಬರೆದ ನಿಯಮ ಗುರುತನ್ನು ಅಳಿಸುತ್ತದೆ. ರೂಟರಿನ ಪುಟದಲ್ಲಿ ಮಾತಿನ ವರ್ಗದ ಡ್ರಾಪ್ ಎಣಿಕೆಯನ್ನು ವಾರಕ್ಕೊಮ್ಮೆ ನೋಡಿ. ಸೊನ್ನೆಯಲ್ಲೇ ಇದ್ದರೆ ಸರಿ, ಏರುತ್ತಿದ್ದರೆ ಕರೆಗಳು ಹೆಚ್ಚಾಗಿವೆ ಅಥವಾ ಯಾರೋ ಕೋಡೆಕ್ ಬದಲಿಸಿದ್ದಾರೆ. ಮುಂದೊಂದು ದಿನ ಪ್ಲಾನನ್ನು ನೂರರಿಂದ ಇನ್ನೂರಕ್ಕೆ ಏರಿಸಿದಾಗ ರೂಟರಿನಲ್ಲಿ ಬರೆದಿಟ್ಟ ಅಂಕಿಯನ್ನೂ ಬದಲಿಸಿ. ಮರೆತರೆ ಇನ್ನೂರರ ಬಿಲ್ಲು ಕಟ್ಟಿ ತೊಂಬತ್ತರಲ್ಲೇ ಇರುತ್ತೀರಿ, ಬೈಗುಳ ಮಾತ್ರ ಇಂಟರ್ನೆಟ್ ಕಂಪನಿಗೆ.